ಕಡತದಲ್ಲಿ ಸಿಗದ ದನಿ: ‘ಕಾಂಬೋಡಿಯನ್ ರಾಕ್ ಬ್ಯಾಂಡ್’ ನಾಟಕದ ಪ್ರಕರಣ ಅಧ್ಯಯನ

ಒಬ್ಬ ಅಪ್ಪ, ಒಬ್ಬಳು ಮಗಳು. ಅಪ್ಪನ ಹೆಸರು ಚುಮ್. ಕಾಂಬೋಡಿಯಾದ ನೋಮ್ ಪೆನ್ ಅವನ ಊರು. ಊರು ಬಿಟ್ಟು ಅಮೆರಿಕ ಸೇರಿ ಮೂವತ್ತು ವರ್ಷ ಆಗಿದೆ. ಅಲ್ಲಿ ಏನಾಯಿತು ಅಂತ ಮಗಳಿಗೆ ಒಂದು ದಿನವೂ ಹೇಳಿಲ್ಲ. ಮಗಳು ನಿಯರಿ ಅಮೆರಿಕದಲ್ಲೇ ಬೆಳೆದವಳು. 2008ರಲ್ಲಿ ಅವಳು ಕೆಲಸಕ್ಕಿರುವುದು ಅಪ್ಪ ಬಿಟ್ಟು ಬಂದ ಅದೇ ಊರಿನಲ್ಲಿ. ಖ್ಮೇರ್ ರೂಜ್ ಅಂದರೆ 1970ರ ದಶಕದಲ್ಲಿ ಕಾಂಬೋಡಿಯಾವನ್ನು ಆಳಿದ ಉಗ್ರ ಕಮ್ಯುನಿಸ್ಟ್ ಪಡೆ. ಅದರ ಕಾಲದ ಜೈಲು ಅಧಿಕಾರಿಯೊಬ್ಬನ ವಿಚಾರಣೆಗೆ ಸಾಕ್ಷ್ಯ ಕೂಡಿಸುವ ಕೆಲಸ ಅವಳದು. ಎಸ್-21 ಎಂಬ ಆ ಜೈಲಿನಿಂದ ಏಳೇ ಜನ ಬದುಕಿ ಬಂದರು ಅಂತ ಎಲ್ಲರೂ ನಂಬಿದ್ದಾರೆ. ಅವಳಿಗೆ ಒಂದು ಫೋಟೋ ಸಿಗುತ್ತದೆ. ಎಂಟನೆಯವನೊಬ್ಬ ಇದ್ದ ಅಂತ ಆ ಫೋಟೋ ಹೇಳುತ್ತದೆ. ಅದೇ ಹೊತ್ತಿಗೆ ಅಪ್ಪ ಹೇಳದೆ ಕೇಳದೆ ವಿಮಾನ ಹತ್ತಿ ಅವಳಿದ್ದಲ್ಲಿಗೆ ಬಂದುಬಿಡುತ್ತಾನೆ. ‘ಇದೆಲ್ಲ ಬಿಡು, ಮನೆಗೆ ಹೋಗೋಣ ನಡಿ’ ಅನ್ನುವುದೊಂದೇ ಅವನ ಹಟ.

ಎಂಟನೆಯವನು ಯಾರು ಅಂತ ನಿಮಗೆ ಈಗಲೇ ಗೊತ್ತಾಗಿರಬೇಕು. ನಾಟಕವೂ ಅದನ್ನು ಜಾಸ್ತಿ ಹೊತ್ತು ಮುಚ್ಚಿಡುವುದಿಲ್ಲ. ಈ ಅಪ್ಪ ಮಗಳಿಗೆ ಅದನ್ನು ಹೇಗೆ ಹೇಳುತ್ತಾನೆ ಅನ್ನುವುದೇ ಇಲ್ಲಿ ಮುಖ್ಯ. ಈ ಬರಹದಲ್ಲಿ ನಾನು ಬಿಡಿಸಿ ನೋಡಲು ಹೊರಟಿರುವುದು ಆ ಒಂದು ಸನ್ನಿವೇಶವನ್ನೇ.

ನಾಟಕ ಬರೆದವರು ಲಾರೆನ್ ಯೀ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಅಮೆರಿಕನ್ ನಾಟಕಕಾರ್ತಿ. ಮೊದಲ ಪ್ರದರ್ಶನ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ, ಸೌತ್ ಕೋಸ್ಟ್ ರೆಪರ್ಟರಿಯಲ್ಲಿ, 2018ರಲ್ಲಿ ಆಯಿತು. ನಿರ್ದೇಶಕರು ಚೇ ಯೂ. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಸಿಗ್ನೇಚರ್ ಥಿಯೇಟರ್‌ಗೆ ಬಂತು.

ಯುದ್ಧ ಮುಗಿದ ದಿನ

ಹಿನ್ನೆಲೆ ಇಲ್ಲದೆ ಈ ನಾಟಕದ ಪೆಟ್ಟು ತಟ್ಟುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದೆ ಹೋಗಬೇಕು.

1960ರ ದಶಕದ ನೋಮ್ ಪೆನ್ ಹಾಡಿನ ಊರಾಗಿತ್ತು. ದೇಶದ ದೊರೆಯಾಗಿದ್ದ ಸಿಹಾನೂಕ್ ಸ್ವತಃ ಹಾಡು ಕಟ್ಟುತ್ತಿದ್ದ, ಸಿನಿಮಾ ತೆಗೆಯುತ್ತಿದ್ದ. ಪಕ್ಕದ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರಿಗಾಗಿ ಪ್ರಸಾರವಾಗುತ್ತಿದ್ದ ರೇಡಿಯೋ ಇಲ್ಲಿಗೂ ಕೇಳಿಸುತ್ತಿತ್ತು. ಹುಡುಗರು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಆದರೆ ಅವರು ಸುಮ್ನೆ ನಕಲು ಮಾಡಲಿಲ್ಲ. ಖ್ಮೇರ್ ಅಂದರೆ ಕಾಂಬೋಡಿಯಾದ ಜನ, ಅವರ ಭಾಷೆ. ಖ್ಮೇರ್ ಹಾಡುಗಾರಿಕೆಯಲ್ಲಿ ದನಿ ಒಂದು ಸ್ವರದಿಂದ ಮೇಲಿನ ಸ್ವರಕ್ಕೆ ಚಂಗನೆ ಜಿಗಿಯುವ ಒಂದು ವರಸೆ ಇದೆ. ಅದನ್ನು ಹಾಗೇ ಇಟ್ಟುಕೊಂಡು ಕೆಳಗೆ ಡ್ರಮ್ಸ್, ಆರ್ಗನ್, ಗಿಟಾರ್ ಸೇರಿಸಿದರು. ಸಿನ್ ಸಿಸಾಮುತ್ ಆ ಕಾಲದ ದೊಡ್ಡ ಹೆಸರು. ನರ್ಸ್ ಕೆಲಸದ ತರಬೇತಿ ಪಡೆದಿದ್ದ ಅವರು ಗಾಯಕರಾದರು. ಬಟ್ಟಂಬಾಂಗ್ ಕಡೆಯ ಬಡ ಮನೆಯಿಂದ ಬಂದ ರೋಸ್ ಸೆರೆಸೋಥಿಯಾ ಅವರನ್ನು ಸಿಹಾನೂಕ್ ರಾಜಧಾನಿಯ ಚಿನ್ನದ ಕಂಠ ಅಂತ ಕರೆದ. ಇವರ ಹಾಡುಗಳು ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಭಾಷೆ ಗೊತ್ತಿಲ್ಲದಿದ್ದರೂ ಆ ದನಿಯಲ್ಲಿರುವ ಹುರುಪು ಸೀದಾ ಬಂದು ಮುಟ್ಟುತ್ತದೆ.

1970ರ ಮಾರ್ಚ್‌ನಲ್ಲಿ ಲೋನ್ ನೋಲ್ ಎಂಬ ಸೇನಾಧಿಕಾರಿ ಸಿಹಾನೂಕ್‌ನನ್ನು ಕೆಳಗಿಳಿಸಿದ. ಒಳಯುದ್ಧ ಹೊತ್ತಿಕೊಂಡಿತು. ಹಳ್ಳಿಗಳ ಮೇಲೆ ಅಮೆರಿಕದ ಬಾಂಬ್ ಬೀಳುತ್ತಿತ್ತು. ಕಾಡಿನಲ್ಲಿ ಖ್ಮೇರ್ ರೂಜ್ ಬಲಿಯುತ್ತಿತ್ತು. ನಗರದಲ್ಲಿ ರಾತ್ರಿ ಕರ್ಫ್ಯೂ ಹಾಕಿದಾಗ ಕ್ಲಬ್‌ಗಳು ಹಗಲಲ್ಲೇ ಬಾಗಿಲು ತೆರೆದವು. ಹಾಡು ಮಾತ್ರ ನಿಲ್ಲಲಿಲ್ಲ.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಸೈನಿಕರು ನೋಮ್ ಪೆನ್ ಒಳಗೆ ನಡೆದು ಬಂದರು. ಜನ ಬೀದಿಗೆ ಬಂದು ಸಂತೋಷಪಟ್ಟರು. ಐದು ವರ್ಷದ ಯುದ್ಧ ಮುಗಿಯಿತಲ್ಲ, ಸದ್ಯ ಅಂದುಕೊಂಡರು. ಅದೇ ದಿನ ಊರು ಖಾಲಿ ಮಾಡಿಸುವುದು ಶುರುವಾಯಿತು. ಆಸ್ಪತ್ರೆಯ ಮಂಚದ ಮೇಲಿದ್ದವರನ್ನೂ ಬಿಡಲಿಲ್ಲ. ಸುಮಾರು 20 ಲಕ್ಷ ಜನ ನಡೆದುಕೊಂಡು ಹಳ್ಳಿಯ ದಾರಿ ಹಿಡಿದರು. ಮುಂದಿನ ಖ್ಮೇರ್ ರೂಜ್ ಆಳ್ವಿಕೆಯ ಲೆಕ್ಕವನ್ನು ಅಲ್ಲಿನವರು ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ ಅಂತ ಹೇಳುತ್ತಾರೆ. ಒಂದು ದಿನ ಆಚೀಚೆ ಮಾಡುವುದಿಲ್ಲ. ಅಷ್ಟರಲ್ಲಿ 15ರಿಂದ 20 ಲಕ್ಷ ಜನ ಹಸಿವಿಗೆ, ರೋಗಕ್ಕೆ, ದುಡಿತಕ್ಕೆ, ಕೊಲೆಗೆ ಬಲಿಯಾದರು. ಸಿಸಾಮುತ್, ಸೆರೆಸೋಥಿಯಾ ಇಬ್ಬರೂ ಕಣ್ಮರೆಯಾದರು. ಎಲ್ಲಿ ಸತ್ತರು, ಹೇಗೆ ಸತ್ತರು ಅನ್ನುವುದಕ್ಕೆ ಇಂದಿಗೂ ಗಟ್ಟಿ ಉತ್ತರವಿಲ್ಲ. ಲೌಡ್‌ಸ್ಪೀಕರ್‌ನಲ್ಲಿ ಕ್ರಾಂತಿಯ ಹಾಡು ಬಿಟ್ಟು ಬೇರೆ ಯಾವ ಹಾಡಿಗೂ ಜಾಗ ಇರಲಿಲ್ಲ.

ಶಾಲೆ ಜೈಲಾದಾಗ

ಎಸ್-21 ಮೊದಲು ಒಂದು ಹೈಸ್ಕೂಲ್. ತರಗತಿಯ ಕೋಣೆಗಳನ್ನು ಇಟ್ಟಿಗೆಯಲ್ಲಿ, ಹಲಗೆಯಲ್ಲಿ ಗೂಡು ಗೂಡಾಗಿ ಒಡೆದರು. ಜೈಲಿನ ಮುಖ್ಯಸ್ಥ ಕಾಂಗ್ ಗೆಕ್ ಈವ್. ಡೋಯ್ಕ್ ಎಂಬ ಹೆಸರಲ್ಲಿ ಕುಖ್ಯಾತ. ಹಿಂದೆ ಗಣಿತದ ಮೇಷ್ಟ್ರಾಗಿದ್ದವನು. ಮೇಷ್ಟ್ರ ಅಚ್ಚುಕಟ್ಟು ಜೈಲಿಗೂ ಬಂತು. ಒಳಗೆ ಬಂದ ಪ್ರತಿಯೊಬ್ಬರ ಫೋಟೋ ತೆಗೆದರು. ಹೊಡೆದು ಬಡಿದು ತಪ್ಪೊಪ್ಪಿಗೆ ಬರೆಸಿದರು. ಬರೆದದ್ದನ್ನು ಆತ ಓದಿ ಬದಿಯಲ್ಲಿ ಟಿಪ್ಪಣಿ ಹಾಕುತ್ತಿದ್ದ. ಅಲ್ಲಿ 12 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದದ್ದು ಕೋರ್ಟಿನಲ್ಲಿ ಸಾಬೀತಾಯಿತು. ಉಳಿದ ಕಡತ ಇಂದು ಅದೇ ಶಾಲೆಯಲ್ಲಿರುವ ತೂಲ್ ಸ್ಲೆಂಗ್ ಮ್ಯೂಸಿಯಂನಲ್ಲಿದೆ. 6 ಸಾವಿರಕ್ಕೂ ಹೆಚ್ಚು ಫೋಟೋ, 4 ಸಾವಿರಕ್ಕೂ ಹೆಚ್ಚು ತಪ್ಪೊಪ್ಪಿಗೆ.

ಅಂಗಳದಲ್ಲಿ ಜೈಲಿನ ಹತ್ತು ನಿಯಮಗಳ ಬೋರ್ಡ್ ಇದೆ. ಅದರಲ್ಲಿ ಒಂದು: ಏಟು ಬೀಳುವಾಗ ಅಳಲೇ ಕೂಡದು.

ಈ ಕಡತದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಎಷ್ಟೊಂದು ಕಾಗದ ಇದೆ! ಆದರೆ ಆ ಕಾಗದದಲ್ಲಿ ಸತ್ತವರ ಸ್ವಂತ ಮಾತು ಒಂದೂ ಇಲ್ಲ. ಕೇಳಿಸಿಕೊಳ್ಳುವವನಿಗೆ ಏನು ಬೇಕಿತ್ತೋ ಅದನ್ನು ಬರೆಸಿಕೊಂಡದ್ದು ಅಷ್ಟೇ. ನಾನು ಸಿಐಎ ಗೂಢಚಾರ, ನಾನು ದ್ರೋಹಿ, ಇಂಥ ಸಾಲುಗಳು. ಫೋಟೋ ತೆಗೆದವರೂ ಕೊಂದವರ ಕಡೆಯವರೇ. ಆ ತಲೆಮಾರು ತಾನಾಗಿ, ಖುಷಿಯಿಂದ, ಯಾರ ಬಲವಂತವೂ ಇಲ್ಲದೆ ಬಿಟ್ಟುಹೋದ ದನಿ ಬೇಕು ಅಂದರೆ ಎಲ್ಲಿಗೆ ಹೋಗಬೇಕು? ಹಾಡಿನ ರೆಕಾರ್ಡಿಗೇ ಹೋಗಬೇಕು. ಹಳೆ ರೆಕಾರ್ಡ್, ನಕಲು ಮಾಡಿದ ಕ್ಯಾಸೆಟ್, ವಲಸೆ ಹೋದವರು ಜೊತೆಗೆ ಒಯ್ದ ಟೇಪ್. ನನ್ನ ಪ್ರಕಾರ ಈ ನಾಟಕದ ಗಟ್ಟಿತನ ಇಲ್ಲಿದೆ. ಕಡತ ಮತ್ತು ಹಾಡು ಎರಡನ್ನೂ ಅದು ಒಂದೇ ಮನೆಯೊಳಗೆ ತಂದಿಡುತ್ತದೆ. ಮಗಳ ಕೈಯಲ್ಲಿ ಕಡತ. ಅಪ್ಪನೊಳಗೆ ಹಾಡು.

ಅಪ್ಪ ಯಾಕೆ ಬಾಯಿ ಬಿಡುವುದಿಲ್ಲ

ಮೊದಮೊದಲು ಚುಮ್ ನಗಿಸುತ್ತಾನೆ. ಮೀನಿನ ಸ್ಪಾದ ದೃಶ್ಯವೊಂದಿದೆ. ಪ್ರವಾಸಿಗರು ತೊಟ್ಟಿಯ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಾರಲ್ಲ, ಸಣ್ಣ ಮೀನುಗಳು ಬಂದು ಒಣಗಿದ ಚರ್ಮ ಕಚ್ಚಿ ತೆಗೆಯುತ್ತವಲ್ಲ, ಅಂಥ ಜಾಗ. ಅಪ್ಪ, ಮಗಳು ಇಬ್ಬರೂ ಅಲ್ಲಿದ್ದಾರೆ. ಕಚಗುಳಿ, ತಮಾಷೆ, ಅಪ್ಪನ ಬೆಪ್ಪು ಮಾತು. ಈ ಮನುಷ್ಯನ ಹಿಂದೆ ಅಂಥದ್ದೇನೂ ಇರಲಿಕ್ಕಿಲ್ಲ ಅನ್ನಿಸುವಷ್ಟು ಹಗುರ. ನಂತರ ಯೋಚಿಸಿದರೆ ಹೊಟ್ಟೆ ಹಿಂಡುತ್ತದೆ. ಇಷ್ಟು ವರ್ಷ ಮಗಳ ಮುಂದೆ ಅವನು ಹೀಗೇ ಬದುಕಿದ್ದಾನೆ. ಮಾತು ಎಲ್ಲಿಗೋ ಹೋಗುತ್ತದೆ ಅನ್ನುವಾಗ ಒಂದು ಜೋಕು.

ಮಗಳದ್ದು ಬೇರೆ ಕಷ್ಟ. ಸಾವಿರಾರು ಜನರ ಕಥೆ ಓದಿದ್ದಾಳೆ, ಮನೆಯವರ ಕಥೆ ಗೊತ್ತಿಲ್ಲ. ಅವಳಿಗೆ ಸಿಟ್ಟಿದೆ. ನನ್ನನ್ನು ಯಾಕೆ ಹೊರಗಿಟ್ಟೆ ಅನ್ನುವ ಸಿಟ್ಟು. ಅವಳು ಕೇಳುತ್ತಿರುವುದು ಸಾಕ್ಷಿ ಹೇಳು ಅಂತ. ಅವನಿಗೆ ಕೇಳಿಸುವುದು ಮಾತ್ರ, ನಿನ್ನ ತಪ್ಪು ಒಪ್ಪಿಕೋ ಅಂತ. ಒಮ್ಮೆ ಹೊಡೆಸಿಕೊಂಡು ಹೇಳಿಕೆ ಕೊಟ್ಟವನಿಗೆ ಇನ್ನೊಂದು ಹೇಳಿಕೆ ಎಷ್ಟು ಭಾರ! ನಾಟಕ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಇಬ್ಬರ ಜಗಳದ ತಳದಲ್ಲಿ ಇರುವುದು ಇದೇ ಅಂತ ನನಗೆ ಅನ್ನಿಸುತ್ತದೆ.

ಅವನ ಎದೆಯಲ್ಲಿ ಇನ್ನೊಂದು ಮುಳ್ಳೂ ಇದೆ. 1975ರ ಏಪ್ರಿಲ್‌ನಲ್ಲಿ ಅವನು ಗಿಟಾರ್ ಬಾರಿಸುವ ಹುಡುಗ. ಬ್ಯಾಂಡಿನ ಹೆಸರು ಸೈಕ್ಲೋಸ್, ಅಲ್ಲಿನ ಸೈಕಲ್ ರಿಕ್ಷಾಗಳ ಹೆಸರು. ಮನೆಯವರು ದೇಶ ಬಿಡಲು ನೋಡುತ್ತಿದ್ದಾರೆ. ಇವನಿಗೆ ಆಲ್ಬಂ ರೆಕಾರ್ಡಿಂಗ್ ಮುಗಿಸುವ ಆಸೆ. ಹೊರಡುವುದು ತಡವಾಗುತ್ತದೆ. ಅಷ್ಟೇ ತಡ ಸಾಕಾಯಿತು. ಹಾಡನ್ನು ಪ್ರೀತಿಸಿದ್ದೇ ತಪ್ಪಾಯಿತೇ ಅನ್ನುವ ಪ್ರಶ್ನೆಯನ್ನು ಹೊತ್ತುಕೊಂಡೇ ಅವನು ಮುಪ್ಪಿನ ಕಡೆ ನಡೆದಿದ್ದಾನೆ. ಬದುಕಿ ಉಳಿದವರ ನೋವಿನಲ್ಲಿ ಇದು ತುಂಬ ಕಾಣುತ್ತದೆ. ಕೊಂದವನು ಹಾಯಾಗಿರುತ್ತಾನೆ, ಉಳಿದವನು ತನ್ನನ್ನೇ ತಾನು ದೂರಿಕೊಳ್ಳುತ್ತಾನೆ.

ರಂಗದ ಮೇಲೆ ಇದನ್ನು ಹೇಗೆ ಕಟ್ಟಿದ್ದಾರೆ

ಶುರುವಾಗುವುದು ಬ್ಯಾಂಡಿನಿಂದ. ಯಾರು ಯಾರು, ಯಾವ ಕಾಲ ಅಂತ ತಿಳಿಯುವ ಮೊದಲೇ ಡ್ರಮ್ಸ್ ಬೀಳುತ್ತದೆ, ಗಿಟಾರ್ ಕೂಗುತ್ತದೆ, ಹುಡುಗಿ ಹಾಡುತ್ತಾಳೆ. ಅಲ್ಲಿ ನುಡಿಸುವವರು ನಟರೇ. ಲಾಸ್ ಏಂಜಲಿಸ್‌ನ ಡೆಂಗ್ಯೂ ಫೀವರ್ ಎಂಬ ಬ್ಯಾಂಡಿನ ಹಾಡುಗಳಿವೆ, ಹಳೆಯ ಖ್ಮೇರ್ ಹಾಡುಗಳೂ ಇವೆ. ನಾಟಕ ಹುಟ್ಟಿದ್ದೇ ಡೆಂಗ್ಯೂ ಫೀವರ್ ಹಾಡಿದ್ದನ್ನು ಕೇಳಿ ಲಾರೆನ್ ಯೀ ಆ ಹಳೆ ಸಂಗೀತದ ಬೆನ್ನು ಹತ್ತಿದ್ದರಿಂದ. ನಟನೇ ಹಾಡಬೇಕು, ಹಾಡು ನಾಟಕದ ಮೈಯೇ ಆಗಿರಬೇಕು ಅನ್ನುವುದು ಕಂಪನಿ ನಾಟಕ ನೋಡಿ ಬೆಳೆದ ನಮ್ಮವರಿಗೆ ಹೊಸದಲ್ಲ. ಇಲ್ಲಿ ಅದಕ್ಕೆ ಬೇರೆಯೇ ಕೆಲಸ ಕೊಟ್ಟಿದ್ದಾರೆ. ಮೊದಲು ಈ ಹುಡುಗರನ್ನು ನಮಗೆ ಇಷ್ಟವಾಗಿಸುತ್ತಾರೆ. ಕಾಲು ತಾಳ ಹಾಕುವಂತೆ ಮಾಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಕಾಣೆಯಾದಾಗ ಅದು ಅಂಕಿಸಂಖ್ಯೆ ಆಗಿ ಉಳಿಯುವುದಿಲ್ಲ. ಹಾಡಿನಲ್ಲಿ ಆರ್ಗನ್ ಇತ್ತಲ್ಲ, ಅದು ಈಗ ಇಲ್ಲ. ಅಷ್ಟು ಹತ್ತಿರದ ನಷ್ಟ ಆಗುತ್ತದೆ.

ಎರಡನೆಯದು ಪಾತ್ರ ಹಂಚಿಕೆ. ಒಬ್ಬಳೇ ನಟಿ ಮಗಳು ನಿಯರಿಯೂ ಹೌದು, ಬ್ಯಾಂಡಿನ ಗಾಯಕಿ ಸೋಥಿಯಾಳೂ ಹೌದು. ಮಗಳ ಗೆಳೆಯ ಟೆಡ್ ಆಗಿ ಬರುವ ನಟನೇ ಅಪ್ಪನ ಹಳೆಯ ಜೀವದ ಗೆಳೆಯ ಲೆಂಗ್. ಚುಮ್‌ನ ಪಾತ್ರವನ್ನು ಹುಡುಗನಾಗಿ, ಮುದುಕನಾಗಿ ಒಬ್ಬನೇ ಆಡುತ್ತಾನೆ. ಮೇಕಪ್ಪಿನ ಭಾರ ಇಲ್ಲ, ಬೆನ್ನು ಬಗ್ಗುವುದು ನೆಟ್ಟಗಾಗುವುದು ಅಷ್ಟೇ. ಇದು ಬರೀ ಖರ್ಚು ಉಳಿಸುವ ಉಪಾಯ ಅಲ್ಲ. ಮಗಳ ಮುಖ ನೋಡಿದಾಗಲೆಲ್ಲ ಅವನಿಗೆ ಯಾರು ಕಾಣಿಸುತ್ತಿರಬಹುದು ಅಂತ ಪ್ರೇಕ್ಷಕ ತಾನೇ ಕಂಡುಕೊಳ್ಳುತ್ತಾನೆ. ಒಂದು ಮಾತೂ ಆಡದೆ ನೆನಪನ್ನು ತೋರಿಸುವುದು ರಂಗಭೂಮಿಗೆ ಮಾತ್ರ ಸಾಧ್ಯವಾಗುವ ಕೆಲಸ.

ಮೂರನೆಯದರ ಬಗ್ಗೆ ತಕರಾರು ಬರುವುದು ಸಹಜ. ನಿರೂಪಕ ಯಾರು ಗೊತ್ತಾ? ಡೋಯ್ಕ್. ಸಾವಿರಾರು ಜನರನ್ನು ಕೊಲ್ಲಿಸಿದವನೇ ಮೈಕ್ ಹಿಡಿದು ಬಂದು ನಮ್ಮನ್ನು ಸ್ವಾಗತಿಸುತ್ತಾನೆ. ಚಂದ ಮಾತಾಡುತ್ತಾನೆ, ನಗಿಸುತ್ತಾನೆ, ಇದು ನನ್ನ ಕಥೆ ಅಂತ ಮುಂದೆ ನಿಲ್ಲುತ್ತಾನೆ. ಕೊಲೆಗಾರನಿಗೆ ಇಷ್ಟು ಜಾಗ ಕೊಡಬೇಕಿತ್ತಾ? ಸ್ಕ್ರಿಪ್ಟ್ ಮೊದಲ ಸಲ ಓದಿದಾಗ ನನಗೂ ಕಸಿವಿಸಿ ಆಯಿತು. ಎರಡನೇ ಸಲ ಓದಿದಾಗ ಅದರ ಲೆಕ್ಕ ತಿಳಿಯಿತು. ಚುಮ್‌ಗೆ ಮಾತು ಬರುವುದಿಲ್ಲ, ಡೋಯ್ಕ್‌ಗೆ ಮಾತು ನಿಲ್ಲುವುದಿಲ್ಲ. ನಿಜದ ಕೋರ್ಟಿನಲ್ಲೂ ಆದದ್ದು ಹೀಗೇ. 2009ರಲ್ಲಿ ವಿಚಾರಣೆ ನಡೆದಾಗ ಡೋಯ್ಕ್ ದಿನಗಟ್ಟಲೆ ಮಾತಾಡಿದ. ಕ್ಷಮೆ ಕೇಳಿದ. ಕೊನೆಗೆ ನನ್ನನ್ನು ಬಿಟ್ಟುಬಿಡಿ ಅಂತಲೂ ಕೇಳಿದ. 2010ರ ಜುಲೈನಲ್ಲಿ 35 ವರ್ಷ ಶಿಕ್ಷೆ ಆಯಿತು. ಕಳೆದದ್ದು ಕಳೆದು ಉಳಿದದ್ದು 19 ವರ್ಷ ಅಂತ ಗೊತ್ತಾದಾಗ ಬದುಕುಳಿದವರು ಕೆರಳಿದರು. 2012ರಲ್ಲಿ ಮೇಲ್ಮನವಿಯಲ್ಲಿ ಅದು ಜೀವಾವಧಿ ಆಯಿತು. 2020ರ ಸೆಪ್ಟೆಂಬರ್‌ನಲ್ಲಿ ಅವನು ಸತ್ತ. ಕಥೆ ಹೇಳುವ ಹಕ್ಕನ್ನು ಕೊಂದವನೇ ಕಿತ್ತುಕೊಂಡಿರುತ್ತಾನೆ ಅನ್ನುವುದನ್ನು ನಾಟಕ ಮೈಕಿನ ಮೂಲಕ ತೋರಿಸುತ್ತದೆ. ಆ ಮೈಕ್ ಯಾವಾಗ ಅವನ ಕೈಯಿಂದ ಜಾರುತ್ತದೆ ಅಂತ ನಾವು ಕಾಯುತ್ತಾ ಕೂರುತ್ತೇವೆ.

ಜೈಲಿನೊಳಗಿನ ಗಿಟಾರ್

1978. ಚುಮ್ ಎಸ್-21ರಲ್ಲಿ ಕೈದಿ. ತಾನು ಯಾರು ಅನ್ನುವುದನ್ನು ಮುಚ್ಚಿಟ್ಟಿದ್ದಾನೆ. ಎದುರಿಗೆ ಪ್ರಶ್ನೆ ಕೇಳಲು ಬಂದು ನಿಂತವನು ಲೆಂಗ್. ಅದೇ ಬ್ಯಾಂಡಿನ ಗೆಳೆಯ, ಈಗ ಆ ಕಡೆಯ ಬಟ್ಟೆಯಲ್ಲಿ. ಗುರುತು ಹೇಳಿದರೆ ಇಬ್ಬರಿಗೂ ಸಾವು. ಹೇಳದಿದ್ದರೆ ಹೊಡೆಯಲೇಬೇಕು. ನಾಟಕದಲ್ಲಿ ಹೆಚ್ಚು ಹೊತ್ತು ನಿಲ್ಲುವ ಜಾಗ ಇದು. ಇಲ್ಲಿ ಹಾಡು ಇಲ್ಲ, ಬೆಳಕು ಜಾಸ್ತಿ ಇಲ್ಲ. ಇಬ್ಬರು ಗೆಳೆಯರು ಪಿಸುಮಾತಿನಲ್ಲಿ ಜೀವ ಉಳಿಸಿಕೊಳ್ಳುವ ದಾರಿ ಹುಡುಕುತ್ತಾರೆ.

ಆಮೇಲೆ ಅವನ ಕೈಗೆ ಗಿಟಾರ್ ಬರುತ್ತದೆ. ಡೋಯ್ಕ್‌ಗಾಗಿ ನುಡಿಸಬೇಕು. ಬಾಬ್ ಡಿಲನ್‌ನ ಹಾಡು, ಕಾಲ ಬದಲಾಗುತ್ತಿದೆ ಅನ್ನುವ ಹಾಡು. ಏಟು ತಿಂದ ಬೆರಳುಗಳು ತಂತಿ ಹುಡುಕುತ್ತವೆ. ಅಳುವುದೂ ತಪ್ಪಾಗಿದ್ದ ಜಾಗದಲ್ಲಿ ಒಬ್ಬ ಹಾಡುತ್ತಿದ್ದಾನೆ, ಕೊಲ್ಲಿಸುವವನು ಕಣ್ಣು ಮುಚ್ಚಿ ಕೇಳುತ್ತಿದ್ದಾನೆ. ಸಂಗೀತ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಅಂತ ನಾವೆಲ್ಲ ನಂಬುತ್ತೇವೆ, ಅಲ್ವಾ? ಈ ದೃಶ್ಯ ಅದನ್ನು ಒಪ್ಪುವುದಿಲ್ಲ. ಡೋಯ್ಕ್‌ಗೆ ಹಾಡು ನಿಜವಾಗಿಯೂ ಇಷ್ಟ. ಬೆಳಗಾದರೆ ಕೆಲಸಕ್ಕೆ ಹೋಗುತ್ತಾನೆ.

ಎಸ್-21ರಲ್ಲಿ ಹೀಗೆ ಗಿಟಾರ್ ನುಡಿಸಿ ಉಳಿದವನು ಚರಿತ್ರೆಯಲ್ಲಿಲ್ಲ. ಚುಮ್ ಕಲ್ಪನೆಯ ಪಾತ್ರ. ಆದರೆ ಬುಡವಿಲ್ಲದ ಕಲ್ಪನೆ ಅಲ್ಲ. ವಾನ್ ನಾಥ್ ಎಂಬ ಚಿತ್ರಕಾರರು ಉಳಿದದ್ದು ಖ್ಮೇರ್ ರೂಜ್ ನಾಯಕ ಪೋಲ್ ಪಾಟ್‌ನ ಚಿತ್ರ ಬರೆಯಬಲ್ಲವರು ಅನ್ನುವ ಕಾರಣಕ್ಕೆ. ಕೊಲ್ಲಬೇಕಾದವರ ಪಟ್ಟಿಯಲ್ಲಿ ಅವರ ಹೆಸರಿನ ಬಳಿ, ಚಿತ್ರಕಾರನನ್ನು ಇಟ್ಟುಕೊಳ್ಳಿ ಅಂತ ಬರೆದಿತ್ತು. ಬೂ ಮೆಂಗ್ ಅವರೂ ಚಿತ್ರ ಬರೆದೇ ಉಳಿದರು. ಚುಮ್ ಮೇ ಅವರಿಗೆ ಯಂತ್ರ ರಿಪೇರಿ ಗೊತ್ತಿತ್ತು. ಈ ಮೂವರೂ ಮುಂದೆ ಕೋರ್ಟಿನಲ್ಲಿ ಡೋಯ್ಕ್‌ನ ಎದುರು ಸಾಕ್ಷಿ ಹೇಳಿದರು. ಕೈಯಲ್ಲಿದ್ದ ಕಸುಬೇ ಜೀವ ಉಳಿಸಿತು ಅನ್ನುವುದು ನಡೆದ ಸಂಗತಿ. ನಾಟಕ ಬಣ್ಣದ ಜಾಗದಲ್ಲಿ ಗಿಟಾರ್ ಇಟ್ಟಿದೆ.

ಕಾಂಬೋಡಿಯಾದವರಲ್ಲದವರು ಇದನ್ನು ಬರೆಯಬಹುದೇ ಅನ್ನುವ ಪ್ರಶ್ನೆಗೂ ನನ್ನ ಉತ್ತರ ನಾಟಕ ಕಟ್ಟಿದ ದಾರಿಯಲ್ಲೇ ಇದೆ. ಚುಮ್‌ನ ಪಾತ್ರ ಮಾಡಿದ ನಟ ಜೋ ಙೋ ಅವರ ತಂದೆ ತಾಯಿ ಆ ಕಾಲವನ್ನು ದಾಟಿ ಬಂದವರು. ಅವರ ಮನೆಯ ನೆನಪು ಪಾತ್ರದ ಒಳಕ್ಕೆ ಇಳಿದಿದೆ. ಮೊದಲ ಪ್ರದರ್ಶನ ನಡೆದ ಕೋಸ್ಟಾ ಮೆಸಾದಿಂದ ಸ್ವಲ್ಪ ದೂರದಲ್ಲೇ ಲಾಂಗ್ ಬೀಚ್ ಇದೆ. ಅಮೆರಿಕದಲ್ಲಿ ಕಾಂಬೋಡಿಯಾದ ಜನ ಎಲ್ಲಕ್ಕಿಂತ ಹೆಚ್ಚಾಗಿ ನೆಲೆಸಿರುವ ಊರು. ಚುಮ್‌ನಂಥ ಅಪ್ಪಂದಿರು, ನಿಯರಿಯಂಥ ಮಕ್ಕಳು ಅಲ್ಲಿ ಪಕ್ಕದ ಬೀದಿಯಲ್ಲೇ ಇದ್ದಾರೆ. ಖ್ಮೇರ್ ಹಾಡುಗಳನ್ನು ನಾಟಕದಲ್ಲಿ ಅನುವಾದಿಸದೆ ಹಾಗೇ ಬಿಟ್ಟಿರುವುದೂ ನನಗೆ ಸರಿ ಅನ್ನಿಸುತ್ತದೆ. ಆ ಭಾಷೆ ಬಲ್ಲವರಿಗೆ ಅದು ಅವರ ಸ್ವಂತದ್ದಾಗಿ ಉಳಿಯುತ್ತದೆ. ಉಳಿದವರು ದನಿ ಕೇಳಲಿ.

ಮಗಳು ಕೊನೆಗೆ ಅಪ್ಪನನ್ನು ಕಾಣುವುದು ಎಸ್-21ರಲ್ಲೇ, ಈಗ ಮ್ಯೂಸಿಯಂ ಆಗಿರುವ ಆ ಶಾಲೆಯಲ್ಲಿ. ಅವನು ಅವಳಿಗೆ ಹೇಳುತ್ತಾನೆ. ಕೋರ್ಟಿಗೆ ಹೇಳುವುದು ಆಮೇಲಿನ ಮಾತು. ಮೊದಲು ಮಗಳಿಗೆ.

ಆಮೇಲೆ ಬೆಳಕು ಬದಲಾಗುತ್ತದೆ. ಡ್ರಮ್ಸ್, ಆರ್ಗನ್, ಬೇಸ್ ಮತ್ತೆ ರಂಗಕ್ಕೆ ಬರುತ್ತವೆ. ಇಲ್ಲವಾದ ಹುಡುಗರು ಮತ್ತೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಚುಮ್ ಗಿಟಾರ್ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಇಷ್ಟು ಹೊತ್ತು ಅಪ್ಪನನ್ನು ಕೇಳಿ ಕೇಳಿ ದಣಿದ ಆ ಹುಡುಗಿಯ ಮುಖವೇ ಈಗ ಮೈಕಿನ ಮುಂದಿದೆ. ಅವಳು ಸೋಥಿಯಾಳ ಹಾಡನ್ನು ಎತ್ತುತ್ತಾಳೆ. ಪ್ರೇಕ್ಷಕರು ಕುರ್ಚಿ ಬಿಟ್ಟು ಏಳುತ್ತಾರೆ.